ಜೈಸಲ್ಮೇರ್‌ ಮರಳಿನಲ್ಲಿ ಒಂದು ಸಂಜೆ, ಒಂದು ರಾತ್ರಿ: ಒಂಟೆ ಮತ್ತು ಜೀಪ್ ಸಫಾರಿಗೆ ಸಮಗ್ರ ಮಾರ್ಗದರ್ಶಿ

ರಾಜಸ್ಥಾನದ ಜೈಸಲ್ಮೇರ್‌ಗೆ ಹೋಗಿ ಬಂದವರನ್ನು ಕೇಳಿ ನೋಡಿ. ಕೆಲವರು ಆ ಸಂಜೆಯ ಬಗ್ಗೆ ಮಾತಾಡಲು ಶುರುಮಾಡಿದರೆ ನಿಲ್ಲಿಸುವುದಿಲ್ಲ. ಇನ್ನು ಕೆಲವರು "ಜಾತ್ರೆ ಇದ್ದಂಗಿತ್ತು ನೋಡ್ರಿ, ಒಂಟೆ ಮೇಲೆ ಹತ್ತು ನಿಮಿಷ ಕೂಡ್ರಿಸಿ ಇಳಿಸಿದ್ರು" ಎಂದು ಮುಖ ಸಿಂಡರಿಸುತ್ತಾರೆ. ಇಬ್ಬರೂ ಹೋಗಿದ್ದು ಅದೇ ಊರಿಗೆ, ಕೊಟ್ಟ ದುಡ್ಡೂ ಹೆಚ್ಚೂಕಡಿಮೆ ಅಷ್ಟೇ. ಯಾವ ದಿಬ್ಬ, ಎಷ್ಟು ಹೊತ್ತು, ಯಾವುದು ಮೊದಲು ಯಾವುದು ಆಮೇಲೆ ಎಂದು ಮಾತಾಡಿಕೊಳ್ಳುವ ಹೊತ್ತಿಗೇ ಸಫಾರಿಯ ಹಣೆಬರಹ ಮುಕ್ಕಾಲು ಪಾಲು ನಿರ್ಧಾರವಾಗಿರುತ್ತದೆ. ಮೊದಲ ಸಲ ನಾನೂ ಮುಖ ಸಿಂಡರಿಸಿಕೊಂಡೇ ಬಂದವನು. ಎರಡನೇ ಸಲ ಅವ್ವನನ್ನು ಕರೆದುಕೊಂಡು ಹೋದಾಗ ಮೊದಲೇ ನಾಲ್ಕು ಮಾತು ಕೇಳಿಕೊಂಡೆ, ಅಷ್ಟಕ್ಕೇ ಎಲ್ಲ ಬದಲಾಯಿತು.

ತಿಂಗಳು ಮತ್ತು ತಿಥಿ

ಅಕ್ಟೋಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಹೋಗಬಹುದು. ಏಪ್ರಿಲ್ ದಾಟಿದರೆ ಬಿಸಿಲು 40 ಡಿಗ್ರಿ ಮೀರುತ್ತದೆ, ಮರಳಿನ ಮೇಲೆ ಬರಿಗಾಲು ಇಡಲಾಗದು. ಡಿಸೆಂಬರ್, ಜನವರಿಯಲ್ಲಿ ಹಗಲು ಹಿತವಾಗಿರುತ್ತದೆ. ಆದರೆ ರಾತ್ರಿ 7–8 ಡಿಗ್ರಿಗೆ ಇಳಿಯುವುದು ಮಾಮೂಲು, ಕೆಲವು ದಿನ ಅದಕ್ಕೂ ಕೆಳಗೆ. ಒಣಗಾಳಿ, ಮೋಡವಿಲ್ಲದ ಆಕಾಶ. ಹಗಲಿಡೀ ಮರಳು ಕುಡಿದ ಬಿಸಿಯೆಲ್ಲ ಸೂರ್ಯ ಮುಳುಗಿದ ಒಂದೆರಡು ತಾಸಿನಲ್ಲೇ ಮೇಲಕ್ಕೆ ಹಾರಿಹೋಗುತ್ತದೆ. ಬೆಂಗಳೂರಿನ ಚಳಿಯ ಲೆಕ್ಕದಲ್ಲಿ ಒಂದು ಸ್ವೆಟರ್ ತುರುಕಿಕೊಂಡು ಹೋದವರು ರಾತ್ರಿಯಿಡೀ ಬೆಂಕಿ ಬಿಟ್ಟು ಏಳುವುದಿಲ್ಲ.

ಡಿಸೆಂಬರ್ ಕೊನೆಯ ವಾರ ಬೇಡವೇ ಬೇಡ. ಶಾಲೆ ರಜೆ, ಹೊಸ ವರ್ಷ ಎರಡೂ ಸೇರಿ ದಿಬ್ಬದ ಮೇಲೆ ಮರಳಿಗಿಂತ ತಲೆಗಳೇ ಹೆಚ್ಚು ಕಾಣುತ್ತವೆ.

ಟಿಕೆಟ್ ಮಾಡಿಸುವ ಮುಂಚೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರನ್ನೂ ಒಮ್ಮೆ ನೋಡಿ. ನಕ್ಷತ್ರ ನೋಡಬೇಕೆಂದರೆ ಅಮಾವಾಸ್ಯೆಯ ಆಚೀಚೆ ಮೂರು ನಾಲ್ಕು ದಿನ, ಬೆಳದಿಂಗಳಿನಲ್ಲಿ ಮರಳು ನೋಡಬೇಕೆಂದರೆ ಹುಣ್ಣಿಮೆಯ ಆಸುಪಾಸು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಮಾಘ ಹುಣ್ಣಿಮೆಯ ಹೊತ್ತಿಗೆ ಮರು ಮಹೋತ್ಸವ, ಎಂದರೆ ಮರುಭೂಮಿಯ ಹಬ್ಬ, ನಡೆಯುತ್ತದೆ. ಒಂಟೆ ಓಟ, ಪೇಟ ಸುತ್ತುವ ಸ್ಪರ್ಧೆ, ಹಾಡು ಕುಣಿತ ಎಲ್ಲ ಇರುತ್ತದೆ. ಅದು ಬೇಕಾದವರು ಆಗಲೇ ಹೋಗಲಿ, ಹಬ್ಬದ ದಿನಗಳ ಬಾಡಿಗೆ ಕೊಡಲು ತಯಾರಾಗಿರಲಿ.

ಊರು ಮುಟ್ಟುವುದು

ಚಳಿಗಾಲದಲ್ಲಿ ಜೈಸಲ್ಮೇರ್‌ಗೇ ವಿಮಾನಗಳಿರುತ್ತವೆ. ಅದು ಹೊಂದದಿದ್ದರೆ ಜೋಧ್‌ಪುರಕ್ಕೆ ಹೋಗಿ, ಅಲ್ಲಿಂದ ರಸ್ತೆಯಲ್ಲೋ ರೈಲಿನಲ್ಲೋ ಐದಾರು ತಾಸು. ಬೆಂಗಳೂರಿನಿಂದ ಜೋಧ್‌ಪುರಕ್ಕೆ ಹುಬ್ಬಳ್ಳಿ, ಬೆಳಗಾವಿ ಮೇಲೆ ಹಾದುಹೋಗುವ ನೇರ ರೈಲೂ ಇದೆ. ಸಾವಕಾಶ ಇರುವವರಿಗೆ ಅದೇ ಚಂದ. ಎರೆಭೂಮಿ ಹೋಗಿ ಕಲ್ಲುನೆಲ, ಕಲ್ಲುನೆಲ ಹೋಗಿ ಮರಳು ಬರುವುದನ್ನು ಕಿಟಕಿಯಲ್ಲೇ ನೋಡಬಹುದು. ತಲುಪಿದ ದಿನವೇ ಸಫಾರಿ ಇಟ್ಟುಕೊಳ್ಳಬೇಡಿ. ಒಂದು ದಿನ ಕೋಟೆ ನೋಡಿ, ಸುಧಾರಿಸಿಕೊಳ್ಳಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಆ ಕೋಟೆಯೊಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಅಲ್ಲಿ ಅಡ್ಡಾಡುವಾಗಲೇ ಸಫಾರಿಯ ಬಗ್ಗೆ ಎರಡು ಮೂರು ಕಡೆ ವಿಚಾರಿಸಿಕೊಳ್ಳಬಹುದು.

ಸಮ್ ಅಥವಾ ಖುರಿ

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಥಾರ್ ಮರುಭೂಮಿ ಎಂದರೆ ಕಣ್ಣು ಹಾಯಿಸಿದಷ್ಟೂ ಮರಳಲ್ಲ. ಜೈಸಲ್ಮೇರ್ ಸುತ್ತ ಬಹುಪಾಲು ಕಲ್ಲುನೆಲ, ಕುರುಚಲು ಗಿಡ, ನಮ್ಮ ಹೊಲದ ಬದುವಿನಲ್ಲಿ ಕಾಣುವ ಅದೇ ಎಕ್ಕ. ಗಾಳಿ ಮರಳನ್ನು ತಂದು ಗುಡ್ಡೆ ಹಾಕಿದ ಕಡೆ ಮಾತ್ರ ದಿಬ್ಬಗಳು. ಅಲ್ಲಿನವರ ಬಾಯಲ್ಲಿ ಅವು 'ಧೋರಾ'.

ಸಮ್ ಊರಿನ ದಿಬ್ಬಗಳು ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್. ರಸ್ತೆಯ ಎರಡೂ ಬದಿ ಸಾಲಾಗಿ ಟೆಂಟು, ನೂರಾರು ಒಂಟೆ, ಜೀಪು, ನಾಲ್ಕು ಚಕ್ರದ ಬೈಕು, ಗಾಳಿಪಟ ಮಾರುವವರು. ದಿಬ್ಬಗಳು ನಿಜಕ್ಕೂ ದೊಡ್ಡವು, ವಿಶಾಲ. ಮಕ್ಕಳಿದ್ದರೆ, ಒಂದೇ ಸಂಜೆಯಲ್ಲಿ ಎಲ್ಲ ಮುಗಿಯಬೇಕೆಂದರೆ, ಜೀಪ್ ಹಾರಿಸುವುದೇ ಮುಖ್ಯವೆಂದರೆ ಸಮ್ ಸರಿ.

ಖುರಿ ನೈರುತ್ಯಕ್ಕೆ, ದೂರ ಹೆಚ್ಚೂಕಡಿಮೆ ಅಷ್ಟೇ. ಮಣ್ಣಿನ ಗೋಡೆಯ ಮನೆಗಳಿರುವ ಹಳ್ಳಿ, ಅದಕ್ಕೆ ಅಂಟಿಕೊಂಡ ದಿಬ್ಬಗಳು. ಗದ್ದಲ ಕಡಿಮೆ, ಒಂಟೆಯ ಮೇಲೆ ಕೂರುವ ಹೊತ್ತು ಹೆಚ್ಚು. ನನ್ನ ಓಟು ಖುರಿಗೆ. ಇನ್ನೂ ಏಕಾಂತ ಬೇಕೆನ್ನುವವರನ್ನು ಜೈಸಲ್ಮೇರ್‌ನ ಮಾರ್ಗದರ್ಶಕರು ಹೆಸರಿಲ್ಲದ ಸಣ್ಣ ದಿಬ್ಬಗಳಿಗೆ ಕರೆದೊಯ್ದು ಬಯಲಲ್ಲೇ ಮಲಗಿಸುತ್ತಾರೆ. ಟೆಂಟಿಲ್ಲ, ಕಕ್ಕಸಿಲ್ಲ, ತಲೆ ಮೇಲೆ ಆಕಾಶ. ವಯಸ್ಸಾದವರು ಜೊತೆಗಿದ್ದರೆ ಅದು ಬೇಡ.

ದುಡ್ಡು ಕೊಡುವ ಮುಂಚೆ ಕೇಳಬೇಕಾದದ್ದು

'ಪ್ಯಾಕೇಜ್' ಎಂಬ ಪದವೇ ಮೋಸದ್ದು. ಎಲ್ಲರ ಚೀಟಿಯಲ್ಲೂ ಒಂಟೆ, ಜೀಪು, ಊಟ, ನೃತ್ಯ, ಟೆಂಟು ಎಂದೇ ಬರೆದಿರುತ್ತದೆ. ಇವನ್ನು ಬಿಡಿಸಿ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ:

- ಒಂಟೆ ಸವಾರಿ ಎಷ್ಟು ನಿಮಿಷ? ಒಂದು ಒಂಟೆಗೆ ಒಬ್ಬರೋ ಇಬ್ಬರೋ?
- ಹೇಳಿದ ರೇಟು ತಲೆಗೋ, ಒಂಟೆಗೋ? ಜೀಪಿನದು ತಲೆಗೋ, ಇಡೀ ಜೀಪಿಗೋ?
- ಜೀಪ್ ಎಷ್ಟು ಹೊತ್ತು? ಎಲ್ಲರಿಗೂ ಕೂರಲು ಸೀಟು, ಬೆಲ್ಟು ಇದೆಯೋ, ಹಿಂದೆ ಕಂಬಿ ಹಿಡಿದು ನಿಲ್ಲಿಸುತ್ತಾರೋ?
- ಸೂರ್ಯಾಸ್ತಕ್ಕೆ ನಾವು ದಿಬ್ಬದ ಮೇಲಿರುತ್ತೇವೋ, ಟೆಂಟಿನಲ್ಲಿ ಚಹಾ ಕುಡಿಯುತ್ತಿರುತ್ತೇವೋ?
- ಟೆಂಟಿನಿಂದ ದಿಬ್ಬಕ್ಕೆ ಎಷ್ಟು ದೂರ?
- ರಾತ್ರಿ ಡಿಜೆ ಇದೆಯೇ? ಎಷ್ಟು ಗಂಟೆಗೆ ನಿಲ್ಲುತ್ತದೆ?
- ಬೆಳಿಗ್ಗೆಯೂ ಒಂಟೆ ಇದೆಯೇ?

ಮೊದಲ ಸಲ ನಾನು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ. 'ಒಂಟೆ ಸವಾರಿ ಸೇರಿದೆ' ಎಂದಿದ್ದರು. ನಿಜ, ಸೇರಿತ್ತು: ಟೆಂಟಿನ ಬಾಗಿಲಿಂದ ರಸ್ತೆಯಾಚೆಗೆ. ಉಳಿದದ್ದಕ್ಕೆ ಬೇರೆ ದುಡ್ಡು.

ಸಮ್ ದಾರಿಯಲ್ಲಿ ಬೈಕಿನಲ್ಲಿ ಬಂದು ಕಾರಿನ ಪಕ್ಕಕ್ಕೇ ಅಂಟಿಕೊಂಡು "ಒಂಟೆ ಬೇಕೇ, ಟೆಂಟು ಬೇಕೇ" ಎನ್ನುವವರು ಸಿಗುತ್ತಾರೆ. ಅವರಿಗೆ ಅಲ್ಲಿ 'ಲಪ್ಕಾ' ಎನ್ನುತ್ತಾರೆ. ಗಾಜು ಇಳಿಸಬೇಡಿ, ಜಗಳಕ್ಕೂ ಇಳಿಯಬೇಡಿ. ಮೊದಲೇ ಬುಕ್ ಆಗಿದೆ ಎಂದು ಕೈಯಾಡಿಸಿದರೆ ಮುಂದಿನ ಕಾರಿಗೆ ಹೋಗುತ್ತಾರೆ.

ಏನು ತೊಡಬೇಕು, ಏನು ಒಯ್ಯಬೇಕು

ಬಿಗಿ ಜೀನ್ಸ್ ಬೇಡ, ತೊಡೆಯ ಒಳಭಾಗ ಉಜ್ಜಿಹೋಗುತ್ತದೆ. ಚಡ್ಡಿಯೂ ಬೇಡ. ಸಡಿಲ ಪೈಜಾಮ, ಚೂಡಿದಾರ್ ಅಲ್ಲದ ಸಲ್ವಾರ್, ಟ್ರ್ಯಾಕ್ ಪ್ಯಾಂಟ್ ಯಾವುದಾದರೂ ಆದೀತು. ಸೀರೆ ಉಟ್ಟ ಹೆಂಗಸರಿಗೆ ಒಂಟೆ ಹತ್ತುವುದೇ ಕಷ್ಟ. ಅವ್ವ ಒಪ್ಪದೆ ಸೀರೆಯಲ್ಲೇ ಬಂದಳು, ಕಚ್ಚೆ ಹಾಕಿ ಕೂತಳು, ಗೆದ್ದಳು. ಆದರೆ ಎಲ್ಲರಿಗೂ ಇಳಕಲ್ ಕಚ್ಚೆಯ ಅಭ್ಯಾಸ ಇರುವುದಿಲ್ಲವಲ್ಲ.

ತಲೆ ಮತ್ತು ಮೂಗಿಗೆ ಸುತ್ತಿಕೊಳ್ಳಲು ಉದ್ದನೆಯ ಹತ್ತಿ ಬಟ್ಟೆ ಬೇಕು. ಹ್ಯಾಟು ಗಾಳಿಗೆ ಹಾರಿಹೋಗುತ್ತದೆ, ನಮ್ಮ ಟವೆಲ್ ಹಾರುವುದಿಲ್ಲ. ತಂಪು ಕನ್ನಡಕ ತಪ್ಪಿಸಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ದಿನ ಮಾಮೂಲಿ ಕನ್ನಡಕಕ್ಕೆ ಬದಲಾಯಿಸಿಕೊಳ್ಳಿ. ಫೋನಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಕ್ಯಾಮೆರಾ ಇದ್ದರೆ ದಿಬ್ಬದ ಮೇಲೆ ಲೆನ್ಸ್ ಬಿಚ್ಚುವ ಸಾಹಸ ಬೇಡ. ತಲೆಗೆ ಎರಡು ಲೀಟರ್ ನೀರು, ಟಾರ್ಚು, ದಪ್ಪ ಜಾಕೆಟ್, ಕಾಲುಚೀಲ, ಕಿವಿ ಮುಚ್ಚುವ ಟೋಪಿ. ಚಿಲ್ಲರೆ ನೋಟು ಇರಲಿ, ಸಿಗ್ನಲ್ ಇಲ್ಲದ ಕಡೆ ಯುಪಿಐ ಕೈಕೊಡುತ್ತದೆ. ಡ್ರೋನ್ ಮನೆಯಲ್ಲೇ ಬಿಡಿ. ಇದು ಪಾಕಿಸ್ತಾನದ ಗಡಿಗೆ ಹೊಂದಿಕೊಂಡ ಜಿಲ್ಲೆ.

ಹೊರಡುವ ಹೊತ್ತು

ಜೈಸಲ್ಮೇರ್ ನಮಗಿಂತ ಎಷ್ಟೋ ಪಶ್ಚಿಮಕ್ಕಿದೆ. ಡಿಸೆಂಬರ್–ಜನವರಿಯಲ್ಲಿ ಸೂರ್ಯ ಮುಳುಗುವುದು ಸುಮಾರು ಆರು ಗಂಟೆಗೆ, ಹುಟ್ಟುವುದು ಏಳು ದಾಟಿ. ಇದರಿಂದ ಹಿಂದಕ್ಕೆ ಲೆಕ್ಕ ಹಾಕಿ: ಐದು ಗಂಟೆಗೆ ಒಂಟೆಯ ಮೇಲೆ, ನಾಲ್ಕೂಕಾಲಿಗೆ ಜೀಪಿನಲ್ಲಿ, ಮೂರೂವರೆಗೆ ಟೆಂಟಿನಲ್ಲಿ ಇರಬೇಕು. ಎಂದರೆ ಜೈಸಲ್ಮೇರ್ ಬಿಡುವುದು ಎರಡಕ್ಕೆ. ಡ್ರೈವರ್ "ನಾಲ್ಕಕ್ಕೆ ಹೊರಟರೆ ಸಾಕು" ಎಂದರೆ ಕೇಳಬೇಡಿ. ಸಮ್ ಕಡೆ ಹೋಗುವವರು ಇನ್ನೂ ಒಂದು ತಾಸು ಮುಂಚೆ ಹೊರಟರೆ ದಾರಿಯಲ್ಲಿ ಕುಲಧರಾ ನೋಡಿಕೊಳ್ಳಬಹುದು. ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಹಾಳೂರು ಅದು. ದಿವಾನ ಸಾಲಿಂ ಸಿಂಗನ ಕಾಟಕ್ಕೆ ಒಂದೇ ರಾತ್ರಿಯಲ್ಲಿ ಊರು ಖಾಲಿ ಮಾಡಿದರೆಂಬುದು ಜನರ ಕತೆ, ನೀರು ಬತ್ತಿದ್ದೇ ಕಾರಣವಿರಬೇಕೆಂಬುದು ಇನ್ನೊಂದು ವಾದ. ದೆವ್ವದ ಕತೆ ಹೇಳಲು ಬರುವವರಿಗೆ ನಕ್ಕು ಮುಂದೆ ಸಾಗಿ.

ಮಧ್ಯಾಹ್ನ ಹಗುರ ಊಟ. ದಾಲ್ ಬಾಟಿ ತುಪ್ಪ ಸುರಿದುಕೊಂಡು ತಿಂದು ಜೀಪ್ ಹತ್ತಿದರೆ ಬಾಟಿ ಎಲ್ಲಿ ಹೋಗುತ್ತದೆಂದು ಹೇಳಬೇಕಿಲ್ಲ.

ಜೀಪ್ ಮೊದಲು

ಜೀಪು, ಒಂಟೆ, ಕಾಲ್ನಡಿಗೆ: ಇದೇ ಅನುಕ್ರಮ. ಒಂಟೆಯ ನಿಧಾನಕ್ಕೆ ಒಗ್ಗಿದ ಮೇಲೆ ಜೀಪು ಹತ್ತಿದರೆ ತಲೆ ಸಿಡಿಯುತ್ತದೆ. ತಿರುಗಾಮುರುಗಾ ಮಾಡಿಸಿಕೊಂಡು ಮೊದಲ ಸಲ ನಾನು ಕೆಟ್ಟೆ.

ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ ಇರಬೇಕು. ತಿಳಿದ ಡ್ರೈವರ್ ಮರಳಿಗಿಳಿಯುವ ಮುಂಚೆ ಟೈರಿನ ಗಾಳಿ ತೆಗೆದು ಇಳಿಸುತ್ತಾನೆ. ಟೈರು ಚಪ್ಪಟೆಯಾಗಿ ಅಗಲಕ್ಕೆ ಹರಡಿಕೊಂಡರೆ ಹೂತುಕೊಳ್ಳುವುದಿಲ್ಲ. ಹೊರಟಾಗ ಸೀಟಿನಲ್ಲಿ ಕೂತು, ಬೆಲ್ಟು ಕಟ್ಟಿ, ಬೆನ್ನನ್ನು ಸೀಟಿಗೆ ಒತ್ತಿಟ್ಟುಕೊಳ್ಳಿ, ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಹಲ್ಲಿನ ನಡುವೆ ನಾಲಿಗೆ ಬರದಂತೆ ಬಾಯಿ ಮುಚ್ಚಿರಲಿ. ವಾಂತಿ ಬರುವವರು ಮುಂದಿನ ಸೀಟಿಗೆ. ರೀಲ್ಸ್‌ಗಾಗಿ ಹಿಂದೆ ನಿಂತು ಕೈ ಬೀಸುವವರನ್ನು ಸಮ್‌ನಲ್ಲಿ ದಿನಾ ಕಾಣಬಹುದು. ದಿಬ್ಬದ ನೆತ್ತಿಯ ಆಚೆಗೆ ಏನಿದೆಯೆಂದು ಡ್ರೈವರಿಗೂ ಕಾಣುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ. ಹೆದರಿಕೆಯಾದರೆ "ಧೀರೇ ಭಯ್ಯಾ" ಎನ್ನಲು ನಾಚಿಕೆ ಬೇಡ.

ಗರ್ಭಿಣಿಯರು, ಬೆನ್ನಿನ ಡಿಸ್ಕ್ ತೊಂದರೆ ಇರುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು ಜೀಪಿಗೂ ಒಂಟೆಗೂ ಹತ್ತಬಾರದು. ಅವರಿಗೆ ಒಂಟೆ ಗಾಡಿ ಇದೆ, ಚಕ್ಕಡಿಯಂತೆ ಮೇಲೆ ಕಾಲು ಚಾಚಿ ಕೂರಬಹುದು.

ಹುಲ್ಲು ಬೆಳೆದ ದಿಬ್ಬದ ಮೇಲೆ ಜೀಪು ಹತ್ತಿಸಬೇಡ ಎಂದು ಡ್ರೈವರಿಗೆ ಹೇಳಿ. ಸೇವಣ್ ಎಂಬ ಆ ಹುಲ್ಲೇ ಮರಳನ್ನು ಹಿಡಿದಿಟ್ಟಿರುವುದು. 1980ರಲ್ಲಿ ಘೋಷಿಸಿದ ಮರುಭೂಮಿ ರಾಷ್ಟ್ರೀಯ ಉದ್ಯಾನವೂ ಇದೇ ಸೀಮೆಯಲ್ಲಿದೆ. ಅಳಿವಿನಂಚಿಗೆ ಬಂದಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಲ್ಲಿನವರ ಗೋಡಾವಣ್, ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿ. ನಮ್ಮ ಸಿರುಗುಪ್ಪದ ಬಯಲಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದೂ ಇದೇ ಹಕ್ಕಿ.

ಒಂಟೆ ಹತ್ತುವುದು, ಕೂರುವುದು, ಇಳಿಯುವುದು

ಹತ್ತುವ ಮೊದಲು ಒಂಟೆಯನ್ನು ಒಮ್ಮೆ ಸುತ್ತಿ ನೋಡಿ, ಒಂದು ನಿಮಿಷ ಸಾಕು. ಮೂಗಿನ ಗೂಟದ ಸುತ್ತ ರಕ್ತ, ಕೀವು ಇದೆಯೇ? ಜೀನಿನ ಕೆಳಗೆ ಹುಣ್ಣಿದೆಯೇ? ಕುಂಟುತ್ತಿದೆಯೇ? ಇದ್ದರೆ ಬೇರೆ ಒಂಟೆ ಕೇಳಿ. ಹಾಗೆ ಕೇಳುವವರು ಹೆಚ್ಚಿದಷ್ಟೂ ಒಂಟೆಗಳ ಆರೈಕೆ ಸುಧಾರಿಸುತ್ತದೆ.

ಚಳಿಗಾಲ ಪ್ರವಾಸಿಗರ ಕಾಲ ಮಾತ್ರವಲ್ಲ, ಗಂಡು ಒಂಟೆಗೆ ಮದ ಬರುವ ಕಾಲವೂ ಹೌದು. ಬಾಯಲ್ಲಿ ನೊರೆ, ಹಲ್ಲು ಕಡಿಯುವ ಸದ್ದು, ಕುತ್ತಿಗೆಯ ಹಿಂಭಾಗದಲ್ಲಿ ಕಪ್ಪಗೆ ಒಸರು, ಬಾಯಿಯ ಪಕ್ಕದಿಂದ ಗುಲಾಬಿ ಬಣ್ಣದ ಬಲೂನಿನಂತೆ ಉಬ್ಬಿ ಹೊರಬರುವ ಮಾಂಸದ ಚೀಲ: ಇದನ್ನು ಕಂಡರೆ ದೂರ ನಿಲ್ಲಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಅದು ರೋಗವಲ್ಲ, ಹೆಣ್ಣನ್ನು ಕರೆಯುವ ಠೀವಿ.

ಕೂತ ಒಂಟೆಯ ಬಳಿಗೆ ಪಕ್ಕದಿಂದ ಹೋಗಿ. ಹಿಂದಿನಿಂದಲೂ ಬೇಡ, ಬಾಯಿಯ ಎದುರಿಗೂ ಬೇಡ. ಒಂಟೆಯವನು ಹಗ್ಗವನ್ನು ಬಿಗಿಯಾಗಿ ಹಿಡಿದ ಮೇಲೆ ಒಂದು ಕಾಲೆತ್ತಿ ಆಚೆ ಹಾಕಿ, ನಡುವಿಗೆ ಸರಿದು ಕೂತು, ಜೀನಿನ ಮುಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಇನ್ನು ಮುಂದಿನ ಐದು ಸೆಕೆಂಡು ಮುಖ್ಯ. ಒಂಟೆ ಮೊದಲು ಎತ್ತುವುದು ಹಿಂಗಾಲು. ನೀವು ಮುಂದಕ್ಕೆ, ಒಂಟೆಯ ಕುತ್ತಿಗೆಯ ಮೇಲೆ ಬೀಳುವಂತಾಗುತ್ತೀರಿ. ಆಗ ದೇಹವನ್ನು ಹಿಂದಕ್ಕೆ ವಾಲಿಸಬೇಕು. ಮರುಕ್ಷಣ ಮುಂಗಾಲು ಏಳುತ್ತದೆ, ಹಿಂದಕ್ಕೆ ಜೋಲಿ. ಆಗ ತುಸು ಮುಂದೆ ಬಾಗಿ. ಇಳಿಯುವಾಗ ಮುಂಗಾಲಿನ ಮಂಡಿ ಮೊದಲು ಮಡಚುವುದರಿಂದ ಮತ್ತೆ ಮುಂದಕ್ಕೇ ಮುಗ್ಗರಿಸುತ್ತೀರಿ, ಮತ್ತೆ ಹಿಂದಕ್ಕೇ ವಾಲಬೇಕು. 'ಒಂಟೆ ಅಲುಗಾಡಿದಾಗ ಮೊದಲು ಹಿಂದಕ್ಕೆ' ಎಂದಿಷ್ಟು ನೆನಪಿದ್ದರೆ ಸಾಕು. ಬೀಳುವವರು ಹೆಚ್ಚಾಗಿ ಬೀಳುವುದು ಆ ಹೊತ್ತಿನಲ್ಲೇ, ಫೋನ್ ಹಿಡಿದ ಒಂದು ಕೈ ಖಾಲಿ ಇಲ್ಲದಿರುವಾಗ.

ನಡಿಗೆ ಶುರುವಾದ ಮೇಲೆ ಸೊಂಟ ಸಡಿಲ ಬಿಡಿ. ಒಂಟೆ ಒಂದೇ ಪಕ್ಕದ ಮುಂಗಾಲು, ಹಿಂಗಾಲನ್ನು ಒಟ್ಟಿಗೆ ಎತ್ತಿಡುತ್ತದೆ, ಹಾಗಾಗಿ ಸವಾರನ ದೇಹ ದೋಣಿಯಲ್ಲಿ ಕೂತಂತೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಬಿಗಿದು ಕೂತರೆ ಅರ್ಧ ತಾಸಿನಲ್ಲಿ ಸೊಂಟ ಹಿಡಿಯುತ್ತದೆ. ತೂಗಾಟಕ್ಕೆ ಮೈಬಿಟ್ಟರೆ ನಿದ್ದೆಯೇ ಬರುತ್ತದೆ. ದಿಬ್ಬದಿಂದ ಇಳಿಯುವಾಗ ಮಾತ್ರ ಹಿಂದೆ ವಾಲಿ, ಕಾಲಿನಿಂದ ಜೀನನ್ನು ಅವುಚಿಕೊಳ್ಳಿ. ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಓಡಿಸಲೇ ಎಂದು ಒಂಟೆಯವನು ಕೇಳುತ್ತಾನೆ. ಮೊದಲ ದಿನ ಬೇಡವೆನ್ನಿ.

ಎಷ್ಟು ಹೊತ್ತು ಎಂದರೆ, ಮೊದಲ ಬಾರಿಗೆ ಹೋಗಿಬರುವುದು ಸೇರಿ ಒಂದೂವರೆ ತಾಸು ಬೆಲೆಬಾಳುವಷ್ಟೂ ಆಯಿತು, ಸಾಕೆನ್ನಿಸುವಷ್ಟೂ ಆಯಿತು. ಮೂರು ದಿನದ ಒಂಟೆ ಪಯಣಕ್ಕೆ ಸಹಿ ಹಾಕುವವರು ಎರಡನೇ ದಿನ ಒಂಟೆಯ ಪಕ್ಕದಲ್ಲಿ ನಡೆಯುತ್ತಿರುತ್ತಾರೆ.

ದಾರಿಯಲ್ಲಿ ಒಂಟೆಯವನ ಜೊತೆ ಮಾತಾಡಿ. "ಖಮ್ಮಾ ಘಣಿ" ಎಂದು ಅಲ್ಲಿನ ನಮಸ್ಕಾರ ಹೇಳಿದರೆ ಮುಖ ಅರಳುತ್ತದೆ. ಒಂಟೆಯ ಹೆಸರು ಕೇಳಿ, ವಯಸ್ಸು ಕೇಳಿ. ಜೈಸಲ್ಮೇರಿ ತಳಿ ಸವಾರಿಗೆ, ಬಿಕಾನೇರಿ ತಳಿ ಭಾರ ಎಳೆಯಲು ಎಂದು ಆತ ಜಂಬದಿಂದ ಹೇಳುತ್ತಾನೆ. ಜಂಬದ ಹಿಂದೆ ಸಂಕಟವೂ ಇದೆ. 2012ರಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದವು, 2019ರ ಜಾನುವಾರು ಗಣತಿಯಲ್ಲಿ ಎರಡೂವರೆ ಲಕ್ಷ. ಹೊಲಕ್ಕೆ ಟ್ರ್ಯಾಕ್ಟರ್ ಬಂತು, ಮೇವಿನ ಬಯಲು ಕಡಿಮೆಯಾಯಿತು. 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿ ಎಂದು ಘೋಷಿಸಿದ ಮೇಲೂ ಸಾಕುವವನಿಗೆ ಲಾಭವಾಗಲಿಲ್ಲ. ಹೊರರಾಜ್ಯಕ್ಕೆ ಮಾರಲು ಬಿಗಿ ಕಾನೂನು ಬಂತು, ಕೊಳ್ಳುವವರು ಕಡಿಮೆಯಾದರು. ಎಷ್ಟೋ ಮನೆಗಳಲ್ಲಿ ಒಂಟೆ ಉಳಿದಿರುವುದೇ ನಿಮ್ಮಂಥವರು ಹತ್ತುವುದರಿಂದ. ಭಕ್ಷೀಸನ್ನು ಆತನ ಕೈಗೇ ಕೊಡಿ, ಟೆಂಟಿನ ಮ್ಯಾನೇಜರ್ ಕೈಗೆ ಬೇಡ.

ದಿಬ್ಬದ ನೆತ್ತಿಯಲ್ಲಿ

ಇಳಿದ ಜಾಗದಲ್ಲೇ ಕೂರಬೇಡಿ, ಅಲ್ಲಿ ಎಲ್ಲರೂ ಕೂತಿರುತ್ತಾರೆ. ಎರಡು ದಿಬ್ಬ ದಾಟಿ ನಡೆಯಿರಿ, ಗದ್ದಲ ಅಲ್ಲಿಗೆ ಬರುವುದಿಲ್ಲ. ಮರಳಿನ ಏರು ಹತ್ತುವಾಗ ಗಾಳಿ ಬೀಸುವ ಕಡೆಯ ಓರೆ ಗಟ್ಟಿ, ಆಚೆಯ ಕಡಿದಾದ ಇಳಿಜಾರು ಕುಸಿಯುತ್ತದೆ. ನೆತ್ತಿಯ ಅಂಚಿನ ಗುಂಟ ನಡೆದರೆ ಸುಸ್ತು ಕಡಿಮೆ. ಚಪ್ಪಲಿ ಕೈಯಲ್ಲಿರಲಿ, ಆದರೆ ಸಮ್‌ನಲ್ಲಿ ಬಾಟಲಿ ಚೂರು ಇರಬಹುದು, ನೋಡಿಕೊಂಡು. ಫೋಟೋಗೆ ಒಳ್ಳೆಯ ಬೆಳಕು ಸೂರ್ಯ ಮುಳುಗುವ ಅರ್ಧ ತಾಸು ಮುಂಚಿನದು. ಆಗ ಮರಳಿನ ಪ್ರತಿ ಸುಕ್ಕಿಗೂ ನೆರಳು ಬೀಳುತ್ತದೆ. ಮುಳುಗಿದ ಕೂಡಲೇ ಎಲ್ಲರೂ ಏಳುತ್ತಾರೆ. ನೀವು ಇನ್ನೊಂದು ಇಪ್ಪತ್ತು ನಿಮಿಷ ಕೂತಿರಿ, ಟಾರ್ಚು ಇದೆಯಲ್ಲ.

ರಾತ್ರಿ

ಊಟಕ್ಕೆ ಸಜ್ಜೆ ರೊಟ್ಟಿ ಕೇಳಿ ಹಾಕಿಸಿಕೊಳ್ಳಿ, ಪ್ರವಾಸಿಗರಿಗೆಂದು ಪನೀರ್, ನಾನ್ ತಂದಿಡುತ್ತಾರೆ. ಜೊತೆಗೆ ಕೇರ್ ಸಾಂಗ್ರಿ. ಕೇರ್ ಎಂದರೆ ಮರುಭೂಮಿಯ ಒಂದು ಮುಳ್ಳುಪೊದೆಯ ಕಾಯಿ, ಸಾಂಗ್ರಿ ಎಂದರೆ ಖೇಜ್ರಿ ಮರದ ಒಣಗಿದ ಕಾಯಿ, ಖೇಜ್ರಿ ಎಂದರೆ ನಮ್ಮ ಬನ್ನಿ. "ಬನ್ನಿ ತಗೊಂಡು ಬಂಗಾರದಂಗ ಇರೂಣ" ಎಂದು ಎಲೆ ಹಂಚುವ ಮರದ ಕಾಯಿಯನ್ನು ಪಲ್ಯ ಮಾಡಿ ತಿನ್ನುತ್ತಾರೆಂದು ತಿಳಿದು ಅವ್ವ ಎರಡು ಸಲ ಹಾಕಿಸಿಕೊಂಡಳು.

ತಲೆತಲಾಂತರದಿಂದ ಹಾಡಿಕೊಂಡು ಬಂದ ಮಾಂಗಣಿಯಾರ್ ಸಮುದಾಯದ ಗಾಯಕರು ಇದ್ದರೆ ಅದೃಷ್ಟ. ಕಮಾಯಚಾ ಎಂಬ ತಂತಿವಾದ್ಯ, ಬೆರಳ ನಡುವೆ ಚಟಪಟಿಸುವ ಖರ್ತಾಲ್. ಮೈಕು ಆಫ್ ಮಾಡಿ ಹಾಡಿ ಎಂದು ಕೇಳಿದರೆ ಖುಷಿಯಿಂದ ಹಾಡುತ್ತಾರೆ. ಹಾವಾಡಿಗ ಸಮುದಾಯದ ಕಾಲ್‌ಬೇಲಿಯಾ ನೃತ್ಯ 2010ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿದ್ದು, ಆದರೆ ಕೆಲವು ಟೆಂಟುಗಳಲ್ಲಿ ಹತ್ತು ನಿಮಿಷಕ್ಕೆ ಅದನ್ನು ಮುಗಿಸಿ ಸಿನಿಮಾ ಹಾಡು ಹಾಕುತ್ತಾರೆ. ಅದಕ್ಕೇ ಡಿಜೆ ಪ್ರಶ್ನೆಯನ್ನು ಮೊದಲೇ ಕೇಳಿ ಎಂದದ್ದು.

ಮಲಗುವ ಮುಂಚೆ ಹೆಚ್ಚುವರಿ ರಜಾಯಿ ಇಸಿದುಕೊಳ್ಳಿ, ನಡುರಾತ್ರಿ ಕೊಡಲು ಯಾರೂ ಎದ್ದಿರುವುದಿಲ್ಲ. ಶೂ ಹೊರಗೆ ಬಿಡಬೇಡಿ. ಬೆಳಿಗ್ಗೆ ಹಾಕುವ ಮೊದಲು ಕೊಡವಿಕೊಳ್ಳಿ, ಚೇಳಿನ ಸೀಮೆ ಇದು.

ಬೆಳಿಗ್ಗೆ

ಆರೂವರೆಗೆ ಏಳಿ, ಸೂರ್ಯೋದಯಕ್ಕೆ ದಿಬ್ಬದ ಮೇಲೆ ನೀವು ಮತ್ತು ನಾಯಿಗಳು ಮಾತ್ರ. ರಾತ್ರಿಯ ಗಾಳಿ ಹಿಂದಿನ ಸಂಜೆಯ ಹೆಜ್ಜೆಗಳನ್ನು ಬಹುಪಾಲು ಅಳಿಸಿರುತ್ತದೆ. ಹೊಸ ಮರಳಿನ ಮೇಲೆ ದುಂಬಿ ಓಡಾಡಿದ ಹೊಲಿಗೆಯಂಥ ಗೆರೆ, ಒಮ್ಮೊಮ್ಮೆ ನರಿಯ ಹೆಜ್ಜೆ ಕಾಣುತ್ತದೆ. ಮಾರ್ಗದರ್ಶಕನನ್ನು ಜೊತೆಗೆ ಕರೆದುಕೊಂಡು ಹೋದರೆ ಯಾವುದು ಯಾರದೆಂದು ಓದಿ ಹೇಳುತ್ತಾನೆ. ಹೋದ ಸಲ ನನಗೆ ಒಂಟೆಗಿಂತ ಹಿಡಿಸಿದ್ದು ಈ ಮುಕ್ಕಾಲು ತಾಸು.

ಹಿಂದಿರುಗುವ ರೈಲನ್ನು ಅದೇ ಮಧ್ಯಾಹ್ನಕ್ಕೆ ಮಾಡಿಸಬೇಡಿ, ಸಂಜೆಯದೋ ಮರುದಿನದ್ದೋ ಇರಲಿ. ಒಂಟೆಯ ನೋವು ತೊಡೆಗೆ ಏರುವುದು ಎರಡನೇ ದಿನ, ಬಿಸಿನೀರಿನ ಸ್ನಾನಕ್ಕೆ ಜಗ್ಗುತ್ತದೆ. ಜೈಸಲ್ಮೇರ್‌ನ ಲಾಡ್ಜಿನಲ್ಲಿ ಬಟ್ಟೆ ಕೊಡವುವಾಗ ಮಾತ್ರ ಬಾಲ್ಕನಿಗೆ ಹೋಗಿ. ನಾನು ಕೋಣೆಯೊಳಗೇ ಕೊಡವಿ, ರೂಮ್ ಬಾಯ್ ಪೊರಕೆ ಹಿಡಿದು ನಿಂತಾಗ ಅವ್ವನಿಂದ ಬೈಸಿಕೊಂಡೆ.